ವೋಲ್ಟೇಜ್ ಕಮ್ಮಿ, ನೀರು ತಣ್ಣಗೆ

ದಿನಾ ಬೇಗ ನೀರು ಕಾಯಿಸೋ ಕಾಯಿಲ್, ವೋಲ್ಟೇಜ್ ಕಮ್ಮಿ ಇದ್ದ ದಿನ ಸತಾಯಿಸುತ್ತೆ. ಎಷ್ಟು ಅಂತ ಲೆಕ್ಕ ಹಾಕೋಣ ಬನ್ನಿ.

ಕಾಯಿಲ್ ಹಿಡಿ ಮೇಲೆ ಏನಿದೆ ನೋಡಿ: 230 ವೋಲ್ಟ್, 1500 ವ್ಯಾಟ್. ವೋಲ್ಟೇಜನ್ನ ಕರೆಂಟಿನಿಂದ ಗುಣಿಸಿದ್ರೆ ವ್ಯಾಟ್. ಹಾಗಾದ್ರೆ 1500ನ್ನ 230ರಿಂದ ಭಾಗಿಸಿ, ಕರೆಂಟ್ 6.5 ಆಂಪಿಯರ್. ಅದಕ್ಕೇ ಹೇಳೋದು, ಇದನ್ನ ಮೊಬೈಲ್ ಚಾರ್ಜರ್ ಹಾಕೋ 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಬೇಡಿ, 16 ಆಂಪಿಯರಿನದೇ ಬೇಕು.

ಈಗ ರೋಧ. ವೋಲ್ಟೇಜನ್ನ ಕರೆಂಟಿನಿಂದ ಭಾಗಿಸಿ: 230 ಭಾಗಿಸು 6.5, ಸುಮಾರು 35 ಓಮ್. ಒಳಗಿರೋ ನೈಕ್ರೋಮ್ ತಂತಿ ಬಿಸಿಯಾದ್ರೂ ಈ 35 ಹೆಚ್ಚೇನೂ ಬದಲಾಗಲ್ಲ. ಹಳೇ ಫಿಲಮೆಂಟ್ ಬಲ್ಬಿಗೆ ಈ ಮಾತು ಹೇಳೋ ಹಾಗಿಲ್ಲ; ಉರಿಯುವಾಗ ಅದರ ರೋಧ ಹತ್ತು ಪಟ್ಟಿನಷ್ಟು ಏರುತ್ತೆ!

ವೋಲ್ಟೇಜ್ 180ಕ್ಕೆ ಬಿತ್ತು ಅನ್ನಿ. 180 ಭಾಗಿಸು 35, ಕರೆಂಟ್ 5.1 ಆಂಪಿಯರ್. ಪವರ್? 180 ಗುಣಿಸು 5.1, 920 ವ್ಯಾಟ್ ಕೂಡ ಇಲ್ಲ. ವೋಲ್ಟೇಜ್ ಇಳಿದಿದ್ದು ಐದನೇ ಒಂದು ಭಾಗದಷ್ಟು, ಶಾಖ ಮಾತ್ರ ಐದರಲ್ಲಿ ಎರಡು ಭಾಗ ಖೋತಾ. ಯಾಕಂದ್ರೆ ವೋಲ್ಟೇಜ್ ಇಳಿದ್ರೆ ಅದರ ಜೊತೆ ಕರೆಂಟೂ ಇಳಿಯುತ್ತೆ, ಪೆಟ್ಟು ಎರಡೂ ಕಡೆಯಿಂದ. 15 ನಿಮಿಷಕ್ಕೆ ಕಾಯ್ತಿದ್ದ ಬಕೆಟ್ಟಿಗೆ ಈಗ ಹತ್ತಿರ ಹತ್ತಿರ 25 ನಿಮಿಷ.