ನೆಟ್‌ವರ್ಕ್ ಮೇಲೆ ಗೂಬೆ, ದೋಷ ಬ್ಯಾಟರಿಯಲ್ಲಿ

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಟೆಲಿಮೆಟ್ರಿಕ್ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಹಿಡಿದು, ಮೊಬೈಲ್ ಜಾಲದ ಮೂಲಕ ಬೆಂಗಳೂರಿನ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಕಳುಹಿಸುತ್ತವೆ. ಅಡಿಕೆ, ಕಾಳುಮೆಣಸು ಬೆಳೆಗಾರರ ಹವಾಮಾನ ಆಧಾರಿತ ವಿಮೆಯ ಪರಿಹಾರಕ್ಕೂ ಇಂಥ ಅಂಕಿಗಳೇ ಆಧಾರ. ಹಾಗಾಗಿ ಒಂದು ಯಂತ್ರ ಮೌನವಾದರೆ ಅದು ತಂತ್ರಜ್ಞರ ತಲೆನೋವಷ್ಟೇ ಅಲ್ಲ, ಊರಿನ ಚಿಂತೆ. ಆಗ ಎಲ್ಲರೂ ಮೊದಲು ಆಡುವ ಮಾತು: “ಅಲ್ಲಿ ಟವರ್ ಸಿಗೋದಿಲ್ಲ ಬಿಡಿ, ಲೆಕ್ಕ ಹೋಯ್ತು.”

ಈ ಒಂದು ಮಾತಿನಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಮೊದಲಿಗೆ, ಸಂದೇಶ ಬಾರದಿದ್ದರೆ ದಾಖಲೆಯೂ ಆಗಿಲ್ಲ ಎಂದು ತಿಳಿಯಬೇಕಿಲ್ಲ. ಅಳೆದು ಬರೆದಿಡುವುದು ಡೇಟಾ ಲಾಗರ್‌ನ ಕೆಲಸ. ಸಾಗಿಸುವುದು ಮೋಡೆಮ್‌ನ ಕೆಲಸ. ಮೋಡೆಮ್ ಸತ್ತರೂ ಲಾಗರ್ ತನ್ನ ನೆನಪಿನಲ್ಲಿ ಬರೆಯುತ್ತಲೇ ಇರುತ್ತದೆ. ಅಪಾಯ ಬರುವುದು ನೆನಪು ತುಂಬಿದ ಮೇಲೆ. ಹಲವು ಲಾಗರ್‌ಗಳು ಆಗ ಹಳೆಯ ಅಂಕಿಗಳ ಮೇಲೆಯೇ ಹೊಸದನ್ನು ಬರೆಯತೊಡಗುತ್ತವೆ. ಅಲ್ಲಿಯವರೆಗೆ ಲೆಕ್ಕ ಪೆಟ್ಟಿಗೆಯೊಳಗೆ ಭದ್ರ.

ಎರಡನೆಯದು ಟವರ್ ಮೇಲಿನ ಆರೋಪ. ಇದನ್ನು ಊಹಿಸಬೇಕಿಲ್ಲ, ಮೋಡೆಮ್ಮನ್ನೇ ಕೇಳಬಹುದು. 1981ರಲ್ಲಿ ಅಮೆರಿಕದ ಹೇಯ್ಸ್ ಸಂಸ್ಥೆಯ ಸ್ಮಾರ್ಟ್‌ಮೋಡೆಮ್ ತಂದ ‘ಎಟಿ’ ಆಜ್ಞೆಗಳನ್ನು ಇಂದಿನ ಸಿಮ್ ಮೋಡೆಮ್‌ಗಳೂ ಪಾಲಿಸುತ್ತವೆ. ಲ್ಯಾಪ್‌ಟಾಪ್ ಜೋಡಿಸಿ ‘ಎಟಿ’ ಎಂದು ಟೈಪ್ ಮಾಡಿದರೆ ‘ಓಕೆ’ ಎಂಬ ಉತ್ತರ ಬರಬೇಕು. ‘ಎಟಿ+ಸಿಎಸ್‌ಕ್ಯೂ’ ಎಂದು ಕೇಳಿದರೆ 0ರಿಂದ 31ರೊಳಗಿನ ಒಂದು ಅಂಕಿ ಸಿಗುತ್ತದೆ. ಅದು ಹತ್ತು ದಾಟಿದ್ದರೆ ಸಾಮಾನ್ಯವಾಗಿ ಕೆಲಸಕ್ಕೆ ಸಾಕು. 99 ಬಂದರೆ ಸಿಗ್ನಲ್ಲನ್ನು ಅಳೆಯಲು ಆಗುತ್ತಿಲ್ಲ ಎಂದರ್ಥ. ಆಗ ಆಂಟೆನಾದ ಜೋಡಣೆ ಸಡಿಲವಾಗಿದೆಯೇ, ಅದರೊಳಗೆ ಮಳೆನೀರು ಇಳಿದಿದೆಯೇ ಎಂದು ಮೊದಲು ನೋಡಬೇಕು.

ಅಂಕಿ ಚೆನ್ನಾಗಿದ್ದೂ ಸಂಪರ್ಕ ಕಡಿಯುತ್ತಿದ್ದರೆ? ಸಂಶಯ ಬ್ಯಾಟರಿಯ ಕಡೆ ತಿರುಗಬೇಕು. 2ಜಿ ಮೋಡೆಮ್ ಸುಮ್ಮನಿರುವಾಗ ತೀರಾ ಕಡಿಮೆ ವಿದ್ಯುತ್ ಬಳಸುತ್ತದೆ. ಆದರೆ ಟವರ್ ಜೊತೆ ಮಾತಿಗಿಳಿದಾಗ ಅದರೊಳಗಿನ ಜಿಎಸ್‌ಎಂ ಘಟಕ ಕ್ಷಣಮಾತ್ರ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಬ್ಯಾಟರಿ ಹಳತಾಗಿದ್ದರೆ, ತಂತಿ ತೆಳ್ಳಗಿದ್ದರೆ ಆ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಮೋಡೆಮ್ ಆರಿ ಹೊತ್ತಿಕೊಳ್ಳುತ್ತದೆ, ಮತ್ತೆ ಪ್ರಯತ್ನಿಸುತ್ತದೆ, ಮತ್ತೆ ಆರುತ್ತದೆ. ಮೋಡೆಮ್ ಸುಮ್ಮನಿರುವಾಗ ಮೀಟರ್ ಇಟ್ಟವರಿಗೆ 12 ವೋಲ್ಟ್ ಕಾಣುತ್ತದೆ; “ಪವರ್ ಸರಿಯಿದೆ” ಎಂದು ಬರೆದು ಹೊರಡುತ್ತಾರೆ. ಅಳೆಯಬೇಕಾದದ್ದು ಮೋಡೆಮ್ ಡೇಟಾ ಕಳುಹಿಸುತ್ತಿರುವಾಗ. ಇನ್ನೊಂದು ಸುಳಿವು ಸಮಯದಲ್ಲಿದೆ. ಮಲೆನಾಡಿನ ಜುಲೈ ಮೋಡದಲ್ಲಿ ಸೌರಫಲಕಕ್ಕೆ ಬಿಸಿಲು ಸಾಲದು. ಮಧ್ಯಾಹ್ನ ಬರುವ ಸಂದೇಶ ನಸುಕಿನಲ್ಲಿ ತಪ್ಪುತ್ತಿದ್ದರೆ ಟವರನ್ನು ದೂರುವ ಮುನ್ನ ಬ್ಯಾಟರಿಯನ್ನು ಪರೀಕ್ಷಿಸುವುದು ನ್ಯಾಯ.

“ಫೋನಿನಲ್ಲಿ ಈ ಸಿಮ್ ನಡೆಯುತ್ತದೆ, ಹಾಗಾದರೆ ಯಂತ್ರದಲ್ಲೂ ನಡೆಯಬೇಕು” ಎಂಬ ನಂಬಿಕೆಯೂ ನಿಲ್ಲದು. ಫೋನು 4ಜಿ ಹಿಡಿಯುತ್ತದೆ; ಹಳೆಯ ಮೋಡೆಮ್‌ಗೆ 2ಜಿ ಮಾತ್ರ ಗೊತ್ತು. ಫೋನು ಎಪಿಎನ್ (ಡೇಟಾ ಸಂಪರ್ಕಕ್ಕೆ ಬೇಕಾದ ಜಾಲದ್ವಾರದ ಹೆಸರು) ವಿವರವನ್ನು ಸಾಮಾನ್ಯವಾಗಿ ತಾನೇ ತುಂಬಿಕೊಳ್ಳುತ್ತದೆ. ಮೋಡೆಮ್‌ಗೆ ನಾವೇ ಹೇಳಿಕೊಡಬೇಕು. ಇನ್ನು ಕಚೇರಿಯಿಂದ ಕರೆದರೆ ಉತ್ತರವಿಲ್ಲ ಎಂದಾಕ್ಷಣ ಯಂತ್ರ ಕೆಟ್ಟಿದೆ ಎನ್ನುವಂತಿಲ್ಲ. ವಿದ್ಯುತ್ ಉಳಿಸಲು ಮೋಡೆಮ್ ಗೊತ್ತಾದ ಹೊತ್ತಿನಲ್ಲಷ್ಟೇ ಏಳುವಂತೆ ಹೊಂದಿಸಿರುತ್ತಾರೆ.

ಲ್ಯಾಪ್‌ಟಾಪನ್ನು ಯಂತ್ರಕ್ಕೆ ಜೋಡಿಸುವ ಕೇಬಲ್ ವಿಷಯದಲ್ಲಿ ಬೇರೂರಿದ ನಂಬಿಕೆ ಒಂದೇ: ಪಿನ್ ಕೂತರೆ ಕೇಬಲ್ ಸರಿ. ಆರ್‌ಎಸ್-232 ಎಂಬ ಜೋಡಣೆ ಪದ್ಧತಿ 1960ರದ್ದು. ಕಂಪ್ಯೂಟರಿನ ಒಂಬತ್ತು ಪಿನ್ನಿನ ಕಿಂಡಿಯಲ್ಲಿ ಎರಡನೆಯದು ಕೇಳುವ ಪಿನ್, ಮೂರನೆಯದು ಹೇಳುವ ಪಿನ್. ಕಂಪ್ಯೂಟರ್–ಮೋಡೆಮ್ ನಡುವೆ ನೇರ ಕೇಬಲ್ ಬೇಕು. ಎರಡೂ ತುದಿಗಳ ಸಾಧನಗಳು ಕಂಪ್ಯೂಟರಿನ ಮಾದರಿಯವೇ ಆದರೆ ಈ ಎರಡು ತಂತಿಗಳನ್ನು ಅದಲುಬದಲು ಮಾಡಿದ ಕೇಬಲ್ ಬೇಕು. ಎರಡೂ ಕೇಬಲ್‌ಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ತಂತಿ ತುಂಡಾಗಿದೆಯೇ ಎಂಬ ಪರೀಕ್ಷೆ ಮಾತ್ರ ಸುಲಭ: ಕೇಬಲ್ಲಿನ ತುದಿಯಲ್ಲಿ 2 ಮತ್ತು 3ನೇ ಪಿನ್ನುಗಳನ್ನು ತುಂಡು ತಂತಿಯಿಂದ ಜೋಡಿಸಿ ಟೈಪ್ ಮಾಡಬೇಕು. ಅಕ್ಷರಗಳು ಪರದೆಗೆ ಮರಳಿ ಬಂದರೆ ಲ್ಯಾಪ್‌ಟಾಪ್, ಕೇಬಲ್ಲನ್ನು ಯುಎಸ್‌ಬಿಗೆ ಹೊಂದಿಸುವ ಅಡಾಪ್ಟರ್ ಮತ್ತು ಆ ಎರಡು ತಂತಿಗಳು ನಿರ್ದೋಷಿ. ಬಾರದಿದ್ದರೆ ಲ್ಯಾಪ್‌ಟಾಪ್ ಆ ಅಡಾಪ್ಟರಿಗೆ ಕೊಟ್ಟ ಕಾಮ್ ಪೋರ್ಟ್ ಸಂಖ್ಯೆ ನೋಡಿ. ಅಡಾಪ್ಟರನ್ನು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಆ ಸಂಖ್ಯೆಯೂ ಬದಲಾಗಬಹುದು.

ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಸುರಿದರೆ ಕೇಬಲ್ ಎಸೆಯುವವರಿದ್ದಾರೆ. ವಾಸ್ತವದಲ್ಲಿ ಆ ಕಸವೇ ಒಳ್ಳೆಯ ಸುದ್ದಿ: ಸಂಪರ್ಕ ಇದೆ, ಆದರೆ ಸಾಮಾನ್ಯವಾಗಿ ಎರಡು ತುದಿಗಳ ವೇಗ ಹೊಂದಿರುವುದಿಲ್ಲ. ಒಂದು ಕಡೆ 9600, ಇನ್ನೊಂದು ಕಡೆ 115200 ಬಾಡ್ ಇದ್ದರೆ ಹೀಗಾಗುತ್ತದೆ. ಕಸ ಬಂದಾಗ ದಾರಿಯನ್ನೇ ದೂರಬಾರದು ಎಂಬುದಕ್ಕೆ ದೊಡ್ಡ ಸಾಕ್ಷಿ ವಾಯೇಜರ್-1 ಬಾಹ್ಯಾಕಾಶ ನೌಕೆ. 2023ರ ನವೆಂಬರಿನಲ್ಲಿ ಆ ನೌಕೆಯಿಂದ ಬರುವ ಮಾಹಿತಿ ಅರ್ಥಹೀನವಾಯಿತು. ನೌಕೆ ಸುಮಾರು 2400 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಒಂದು ಆಜ್ಞೆ ತಲುಪಲು ಇಪ್ಪತ್ತೆರಡೂವರೆ ಗಂಟೆ ಬೇಕಿತ್ತು. ರೇಡಿಯೋ ಅಲೆ ಮಾತ್ರ ಸರಿಯಾಗಿಯೇ ಬರುತ್ತಿತ್ತು. ನಾಸಾದ ಎಂಜಿನಿಯರುಗಳು ನೌಕೆಯ ನೆನಪನ್ನೇ ಓದಿ, ಮಾಹಿತಿ ಜೋಡಿಸುವ ಕಂಪ್ಯೂಟರಿನ ಒಂದು ಚಿಪ್ ಕೆಟ್ಟಿರುವುದನ್ನು ಪತ್ತೆಹಚ್ಚಿದರು. ಅಲ್ಲಿದ್ದ ಕೋಡನ್ನು ಬೇರೆಡೆಗೆ ಸರಿಸಲು 2024ರ ಏಪ್ರಿಲ್ 18ರಂದು ಆಜ್ಞೆ ಕಳುಹಿಸಿದರು. 20ರಂದು ಅರ್ಥವಾಗುವ ಉತ್ತರ ಬಂತು.

ಕೊನೆಯ ನಂಬಿಕೆಯೇ ಹೆಚ್ಚು ಹಾನಿಕರ: ಒಮ್ಮೆ ಆರಿಸಿ ಹಾಕಿದರೆ ಎಲ್ಲ ಸರಿಹೋಗುತ್ತದೆ. ಮೋಡೆಮ್‌ಗೆ ಅದು ನಡೆಯಬಹುದು. ಆದರೆ ಕೆಲವು ಹಳೆಯ ಲಾಗರ್‌ಗಳ ನೆನಪು ಒಳಗಿನ ಸಣ್ಣ ಲಿಥಿಯಂ ಬ್ಯಾಟರಿಯ ಮೇಲೆ ನಿಂತಿರುತ್ತದೆ. ಅದು ಸತ್ತಿರುವಾಗ ಮುಖ್ಯ ತಂತಿ ಕಿತ್ತರೆ, ಮೋಡೆಮ್ ಕೈಕೊಟ್ಟಾಗಲೂ ಉಳಿದಿದ್ದ ಮಳೆಯ ಲೆಕ್ಕ ರಿಪೇರಿಯ ಕೈಯಲ್ಲೇ ಅಳಿಸಿಹೋಗುತ್ತದೆ. ಆದ್ದರಿಂದ ಮೌನವಾದ ಯಂತ್ರದ ಬಳಿ ಹೋಗುವವರು ಮೊದಲು ಲ್ಯಾಪ್‌ಟಾಪ್ ಜೋಡಿಸಿ ಲಾಗರ್‌ನ ಡೇಟಾ ಇಳಿಸಿಕೊಳ್ಳಲಿ, ಅದರ ಗಡಿಯಾರ ತೋರಿಸುವ ಸಮಯವನ್ನು ಬರೆದುಕೊಳ್ಳಲಿ. ತಂತಿಗೆ ಕೈ ಹಾಕುವುದು ಆಮೇಲೆ.