ಕಬ್ಬಿನ ವಿಮೆ: ನಷ್ಟವಾದರೂ ಹಣ ಬರಲಿಲ್ಲವೇಕೆ?



ಹಂಗಾಮು ಮುಗಿಯುವ ಹೊತ್ತಿಗೆ ಕಬ್ಬು ಕಚೇರಿಗೆ ಬರುವ ದೂರುಗಳಲ್ಲಿ ಒಂದು ತಪ್ಪದೆ ಇರುತ್ತದೆ. "ಕಂತು ಕಟ್ಟಿದೆವು, ಬೆಳೆ ಹೋಯಿತು, ವಿಮೆ ಮಾತ್ರ ಬರಲಿಲ್ಲ" ಎಂಬುದೇ ಆ ದೂರು. ಇನ್ನೊಂದು ಕಡೆ, ನಷ್ಟ ನೋಡಲು ಬರುವ ಸರ್ವೇಯರುಗಳು ಹೇಳುವ ಮಾತೂ ಕಹಿಯಾದದ್ದೇ: "ಹೊಲಕ್ಕೆ ಹೋದರೆ ಬೆಳೆ ಇಲ್ಲ, ಕಾಗದ ನೋಡಿದರೆ ಸರ್ವೆ ನಂಬರು ಬೇರೆ, ಬೈಗುಳ ಮಾತ್ರ ನಮಗೆ." ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಬ್ಬರೂ ಬೇರೆ ಬೇರೆ ಕೋಲು ಹಿಡಿದು ಅಳೆಯುತ್ತಿರುವುದರಿಂದ ಈ ಜಗಳ ಹುಟ್ಟುತ್ತದೆ. ರೈತನು ತನ್ನ ಹೊಲವನ್ನು ಅಳೆಯುತ್ತಾನೆ, ಯೋಜನೆಯು ಬಹುಮಟ್ಟಿಗೆ ಇಡೀ ಫಿರ್ಕಾವನ್ನು ಅಳೆಯುತ್ತದೆ. ಈ ವ್ಯತ್ಯಾಸವನ್ನು ಕಂತು ಕಟ್ಟುವ ಮೊದಲೇ ತಿಳಿದುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಫಿರ್ಕಾವಾರು ಲೆಕ್ಕ ಏಕೆ ಬಂತು?

ಬೆಳೆ ವಿಮೆ ನಮ್ಮ ದೇಶಕ್ಕೆ ಹೊಸ ವಿಚಾರವಲ್ಲ. ಮೈಸೂರು ಸಂಸ್ಥಾನದ ಸರ್ಕಾರದಲ್ಲಿದ್ದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿಯೇ ಇದರ ಬಗ್ಗೆ ಪುಸ್ತಕ ಬರೆದು, ಒಂದು ಪ್ರದೇಶದ ಮಳೆಯನ್ನೇ ಅಳತೆಯಾಗಿಟ್ಟುಕೊಂಡು ರೈತರಿಗೆ ಪರಿಹಾರ ಕೊಡಬಹುದೆಂದು ಸೂಚಿಸಿದ್ದರು. ಒಬ್ಬೊಬ್ಬರ ಹೊಲವನ್ನೂ ಹೋಗಿ ನೋಡುವುದು ಕಷ್ಟವೆಂದು ಅವರಿಗೆ ಆಗಲೇ ತಿಳಿದಿತ್ತು.

1972ರಿಂದ ಕೆಲವು ರಾಜ್ಯಗಳಲ್ಲಿ ಹತ್ತಿ ಮುಂತಾದ ಬೆಳೆಗಳಿಗೆ ಒಬ್ಬೊಬ್ಬ ರೈತನ ಹೊಲದ ನಷ್ಟವನ್ನೇ ಅಳೆದು ಕೊಡುವ ಪ್ರಯೋಗ ನಡೆಯಿತು. ಅದರಲ್ಲಿ ಸೇರಿದವರು 3,110 ರೈತರು. ಬಂದ ಕಂತು 4.54 ಲಕ್ಷ ರೂಪಾಯಿ, ಕೊಟ್ಟ ಪರಿಹಾರ 37.88 ಲಕ್ಷ ರೂಪಾಯಿ. ಕಟ್ಟಿದ ಒಂದು ರೂಪಾಯಿಗೆ ಎಂಟು ರೂಪಾಯಿಗಿಂತ ಹೆಚ್ಚು ಹೊರಟರೆ ಯಾವ ಪೆಟ್ಟಿಗೆಯೂ ಉಳಿಯುವುದಿಲ್ಲ. ಪ್ರೊಫೆಸರ್ ವಿ. ಎಂ. ದಾಂಡೇಕರ್ ಅವರು ಪ್ರದೇಶವಾರು ಲೆಕ್ಕವನ್ನು ಸೂಚಿಸಿದರು. 1979ರಿಂದ ಆ ರೀತಿಯೇ ಬಂತು. 1985ರ ಸಮಗ್ರ ಬೆಳೆ ವಿಮೆಯಲ್ಲಿ ಕಬ್ಬಿಗೆ ಜಾಗವಿರಲಿಲ್ಲ. 1999ರಲ್ಲಿ ಬಂದ ರಾಷ್ಟ್ರೀಯ ಕೃಷಿ ವಿಮೆಯಲ್ಲಿ ಕಬ್ಬೂ ಸೇರಿತು. 2016ರ ಮುಂಗಾರಿನಿಂದ ಇರುವುದು ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ. ಇದರಲ್ಲಿ ಕಬ್ಬಿನಂತಹ ವಾಣಿಜ್ಯ ಬೆಳೆಗೆ ರೈತನ ಪಾಲಿನ ಕಂತು ವಿಮಾ ಮೊತ್ತದ ಮೇಲೆ ಹೆಚ್ಚೆಂದರೆ 5 ಶೇಕಡಾ. ಉಳಿದ ಕಂತನ್ನು ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ಭರಿಸುತ್ತವೆ. 2020ರ ಮುಂಗಾರಿನಿಂದ ಸಾಲಗಾರ ರೈತರಿಗೂ ಇದು ಕಡ್ಡಾಯವಲ್ಲ.

ಲೆಕ್ಕ ಹೇಗೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ಒಂದು ಫಿರ್ಕಾದಲ್ಲಿ ಹಿಂದಿನ ಏಳು ವರ್ಷಗಳ ಎಕರೆವಾರು ಇಳುವರಿ 43, 29, 41, 40, 31, 39, 37 ಟನ್ ಎಂದಿಟ್ಟುಕೊಳ್ಳಿ. ಇದರಲ್ಲಿ ಉತ್ತಮವಾದ ಐದು ವರ್ಷಗಳನ್ನು ತೆಗೆದುಕೊಂಡರೆ ಒಟ್ಟು 200, ಸರಾಸರಿ 40 ಟನ್. ಆ ಪ್ರದೇಶಕ್ಕೆ ಗೊತ್ತುಮಾಡಿದ ಭರವಸೆಯ ಮಟ್ಟ 80 ಶೇಕಡಾ ಆದರೆ ಖಾತ್ರಿ ಇಳುವರಿ 32 ಟನ್.

ಈ ವರ್ಷ ಬೆಳೆ ಕಟಾವು ಪ್ರಯೋಗಗಳಲ್ಲಿ ಫಿರ್ಕಾದ ಸರಾಸರಿ 28 ಟನ್ ಬಂದರೆ ಕೊರತೆ 4 ಟನ್, ಅಂದರೆ 32ರಲ್ಲಿ ಎಂಟನೆಯ ಒಂದು ಭಾಗ. ಎಕರೆಗೆ ವಿಮಾ ಮೊತ್ತ 60,000 ರೂಪಾಯಿ ಇದ್ದರೆ ಪರಿಹಾರ 7,500 ರೂಪಾಯಿ. ಇದು ವಿಮೆ ಮಾಡಿಸಿದ ಎಲ್ಲರಿಗೂ ಒಂದೇ. 15 ಟನ್ ಬೆಳೆದವನಿಗೂ 7,500, ಹೇಗೋ 38 ಟನ್ ತೆಗೆದವನಿಗೂ 7,500.

ಅದೇ ಫಿರ್ಕಾದ ಸರಾಸರಿ 33 ಟನ್ ಬಂತೆನ್ನಿ. ಆಗ ನಿಮ್ಮ ಹೊಲದಲ್ಲಿ 15 ಟನ್ ಮಾತ್ರ ಬಂದಿದ್ದರೂ ಪರಿಹಾರ ಸೊನ್ನೆ. ಇದು ಸರ್ವೇಯರನ ಮೋಸವಲ್ಲ, ಕಾರ್ಖಾನೆಯ ಮೋಸವೂ ಅಲ್ಲ. ಯೋಜನೆಯ ಕಟ್ಟೇ ಹಾಗೆ. ಕಾರ್ಖಾನೆಯ ತೂಕದ ಚೀಟಿ ತೋರಿಸಿ "ನನ್ನ ಇಳುವರಿ ಇಷ್ಟೇ" ಎಂದರೆ ಈ ಲೆಕ್ಕ ಬದಲಾಗುವುದಿಲ್ಲ.

ಇದರಲ್ಲಿ ನ್ಯಾಯದ ಕೊರತೆ ಇದೆಯೇ ಎಂದು ಕೇಳಿದರೆ, ಇದೆ. ಕಾಲುವೆಯ ತಲೆಯಲ್ಲಿರುವ ಹೊಲಕ್ಕೂ ಕಡೆಯಲ್ಲಿರುವ ಹೊಲಕ್ಕೂ ನೀರಿನ ಭಾಗ್ಯ ಒಂದೇ ಅಲ್ಲ. ಇಬ್ಬರನ್ನೂ ಒಂದೇ ಸರಾಸರಿಯಲ್ಲಿ ಕಟ್ಟಿದಾಗ ಕಡೆಯವನು ಸೋಲುತ್ತಾನೆ. ಪಾಲಕ್ಕಾಡ್ ಕಣಿವೆಯಿಂದ ಬೀಸುವ ಆಷಾಢದ ಗಾಳಿಗೆ ಪೊಳ್ಳಾಚಿ, ಉಡುಮಲೆಪೇಟೆ ಕಡೆ ಕೆಲವು ಹೊಲಗಳ ಕಬ್ಬು ಮಲಗುತ್ತದೆ, ಪಕ್ಕದ ಹೊಲ ನಿಂತಿರುತ್ತದೆ. ಮಲಗಿದ ಕಬ್ಬಿನ ನಷ್ಟ ಫಿರ್ಕಾದ ಸರಾಸರಿಯಲ್ಲಿ ಕಂಡರೆ ಮಾತ್ರ ಪರಿಹಾರ. ಆದುದರಿಂದ ಮಣ್ಣೇರಿಸುವುದು, ಜೋಡಿ ಸಾಲಿನ ಕಬ್ಬನ್ನು ತರಗಿನಿಂದ ಸೇರಿಸಿ ಕಟ್ಟುವುದು ಇವೇ ಗಾಳಿಗೆ ನಿಜವಾದ ವಿಮೆ. ತಡೆಯಬಹುದಾದ ನಷ್ಟಕ್ಕೆ ಯೋಜನೆಯಲ್ಲಿ ಹಣವಿಲ್ಲ.

ನಿಮ್ಮ ಹೊಲವನ್ನೇ ನೋಡುವುದು ಯಾವಾಗ?

ಎರಡನೆಯ ಬಾಗಿಲು ಒಂದಿದೆ. ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಸಿಡಿಲಿನಿಂದ ಬಿದ್ದ ಬೆಂಕಿ ಇವುಗಳಿಂದ ನಷ್ಟವಾದರೆ ಆ ಹೊಲವನ್ನೇ ಬಂದು ನೋಡುತ್ತಾರೆ. ಇಲ್ಲಿ ಮೂರು ವಿಷಯಗಳನ್ನು ಕಬ್ಬು ಬೆಳೆಗಾರರು ಮುಖ್ಯವಾಗಿ ತಿಳಿದಿರಬೇಕು.

ಒಂದು, ಜಲಾವೃತ. ಹೊಲದಲ್ಲಿ ನೀರು ನಿಂತ ನಷ್ಟವನ್ನು ಈ ಬಾಗಿಲಿನಿಂದ ಕೇಳುವ ಅವಕಾಶವನ್ನು 2018ರ ಪರಿಷ್ಕೃತ ನಿಯಮಗಳಲ್ಲಿ ಭತ್ತ, ಸೆಣಬು, ಕಬ್ಬು ಮುಂತಾದ ನೀರು ತಡೆಯುವ ಬೆಳೆಗಳಿಗೆ ತೆಗೆದುಹಾಕಲಾಯಿತು. ನೀರು ನಿಂತು ಕಬ್ಬು ಹಾಳಾದರೆ ಫಿರ್ಕಾದ ಲೆಕ್ಕವೇ ಗತಿ. ಬದುಗಾಲುವೆ ತೋಡಿ ನೀರು ಬಸಿಯುವುದನ್ನು ಮರೆಯಬೇಡಿ.

ಎರಡು, ಬೆಂಕಿ. ವಿದ್ಯುತ್ ತಂತಿಯ ಕಿಡಿಯಿಂದ, ಬೀಡಿಯಿಂದ, ಪಕ್ಕದವರು ತರಗು ಸುಟ್ಟಿದ್ದರಿಂದ ಬಿದ್ದ ಬೆಂಕಿ ಪ್ರಕೃತಿಯ ಬೆಂಕಿಯಲ್ಲ. ಬೆಳೆ ವಿಮೆಯಲ್ಲಿ ಅದಕ್ಕೆ ಅರ್ಜಿ ಹಾಕಿದರೆ ತಿರಸ್ಕಾರವಾಗುವುದು ಖಂಡಿತ. ಅಂತಹ ಸಂದರ್ಭದಲ್ಲಿ ಅಗ್ನಿಶಾಮಕ ದಳದ ಪತ್ರ, ಪೊಲೀಸ್ ದೂರು ಪಡೆದುಕೊಂಡು, ತಂತಿಯ ದೋಷವಿದ್ದರೆ ವಿದ್ಯುತ್ ಕಚೇರಿಗೆ ಬರೆದುಕೊಡಿ. ಅದಕ್ಕಿಂತ ಮೊದಲು ಕಬ್ಬು ಕಚೇರಿಗೆ ತಿಳಿಸಿ. ಸುಟ್ಟ ಕಬ್ಬು ದಿನದಿನಕ್ಕೆ ತೂಕವನ್ನೂ ಸಕ್ಕರೆ ಅಂಶವನ್ನೂ ಕಳೆದುಕೊಳ್ಳುತ್ತದೆ. ಬೇಗ ಕಟಾವು ಆಗುವುದೇ ಉಳಿಯುವ ಲಾಭ.

ಮೂರು, ಕಾಡುಪ್ರಾಣಿ. ಆನೈಮಲೈ, ಮೆಟ್ಟುಪಾಳಯದ ಬೆಟ್ಟದಂಚಿನವರಿಗೆ ಆನೆ, ಹಂದಿಗಳ ಕಾಟ ಗೊತ್ತೇ ಇದೆ. ಕಾಡುಪ್ರಾಣಿಗಳಿಂದಾದ ನಷ್ಟವನ್ನು 2026ರ ಮುಂಗಾರಿನಿಂದ ಹೊಲವಾರು ನಷ್ಟದ ಪಟ್ಟಿಗೆ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಆದರೆ ರಾಜ್ಯದ ಅಧಿಸೂಚನೆಯಲ್ಲಿ ನಿಮ್ಮ ಪ್ರದೇಶ ಮತ್ತು ಬೆಳೆ ಇದ್ದರೆ ಮಾತ್ರ ಇದು ಅನ್ವಯ. ಕಂತು ಕಟ್ಟುವಾಗಲೇ ವಿಚಾರಿಸಿ ನೋಡತಕ್ಕದ್ದು.

ಎಪ್ಪತ್ತೆರಡು ಗಂಟೆ

ಈ ಎರಡನೆಯ ಬಾಗಿಲಿಗೆ ಬೀಗ ಬೀಳುವುದು 72 ಗಂಟೆಗೆ. ನಷ್ಟವಾದ ಮೂರು ದಿನದೊಳಗೆ ವಿಮಾ ಕಂಪನಿಗಾಗಲಿ, ಬ್ಯಾಂಕಿಗಾಗಲಿ, ಕೃಷಿ ಇಲಾಖೆಗಾಗಲಿ ತಿಳಿಸಬೇಕು. 14447 ಎಂಬ ಸಹಾಯವಾಣಿಗೆ ಫೋನ್ ಮಾಡಬಹುದು, ಬೆಳೆ ವಿಮೆಯ ಆ್ಯಪ್‌ನಲ್ಲಿಯೂ ದಾಖಲಿಸಬಹುದು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಂಟರ ಮದುವೆ ಮುಗಿಸಿ ಬಂದು ಐದನೆಯ ದಿನ ತಿಳಿಸಿದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಕಂಪನಿಗೂ ಗಡುವು ಉಂಟು. ತಿಳಿಸಿದ 48 ಗಂಟೆಯೊಳಗೆ ಸರ್ವೇಯರನ ನೇಮಕ, ಅಲ್ಲಿಂದ 10 ದಿನದೊಳಗೆ ಪರಿಶೀಲನೆ, ವರದಿ ಬಂದ 15 ದಿನದೊಳಗೆ ಪರಿಹಾರ ಎಂಬುದು ನಿಯಮ. ಪರಿಶೀಲನೆಯಲ್ಲಿ ಸರ್ವೇಯರ್, ಕೃಷಿ ಇಲಾಖೆಯವರು ಮತ್ತು ರೈತ ಮೂವರೂ ಇರಬೇಕು. ಸರ್ವೇಯರ್ ಬರುವ ಮೊದಲೇ ಹೊಲ ಉತ್ತು ಹಾಕಬೇಡಿ. ನೋಡಲು ಬೆಳೆಯೇ ಇಲ್ಲದಿದ್ದರೆ ಅವರು ಏನೆಂದು ಬರೆಯಬೇಕು? ಹಾಗೆಯೇ, ನಾಲ್ಕು ತಿಂಗಳ ಕಬ್ಬಿಗೆ ಪೂರ್ತಿ ವಿಮಾ ಮೊತ್ತ ಬರುವುದಿಲ್ಲ. ಅಲ್ಲಿಯವರೆಗೆ ಆದ ಖರ್ಚಿನ ಪ್ರಮಾಣದಲ್ಲಿ ಮಾತ್ರ ಲೆಕ್ಕ ಮಾಡುತ್ತಾರೆ.

ಕಾಗದದಲ್ಲಿ ಕಳೆದುಹೋಗುವ ಹಣ

ಪರಿಹಾರಕ್ಕೆ ಅರ್ಹವಾದ ಹಣವೂ ಕಾಗದದ ತಪ್ಪಿನಿಂದ ನಿಂತುಹೋಗುತ್ತದೆ. ನಮ್ಮವರಲ್ಲಿ ಮನೆ ಮಾತು ಕನ್ನಡ, ಚಿಟ್ಟಾ ಅಡಂಗಲ್ ತಮಿಳಿನಲ್ಲಿ, ಬ್ಯಾಂಕ್ ಪುಸ್ತಕ ಇಂಗ್ಲಿಷಿನಲ್ಲಿ. ಒಂದರಲ್ಲಿ 'ಗೌಡ', ಇನ್ನೊಂದರಲ್ಲಿ 'ಗೌಡರ್', ಮತ್ತೊಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಹಿಂದೆ ಮುಂದೆ. ಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ಆಧಾರ್, ಪಾಸ್‌ಬುಕ್, ಚಿಟ್ಟಾ ಮೂರರಲ್ಲೂ ಹೆಸರು ಒಂದೇ ಇರುವಂತೆ ಬಿಡುವಿನ ಕಾಲದಲ್ಲೇ ಸರಿಪಡಿಸಿಕೊಳ್ಳಿ.

ಇನ್ನೊಂದು ತೊಡಕು ಊರಿನ ಹೆಸರಿನದು. 2009ರಲ್ಲಿ ತಿರುಪ್ಪೂರು ಜಿಲ್ಲೆ ಆಗುವ ಮೊದಲು ಉಡುಮಲೆಪೇಟೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ದಾರಾಪುರಂ ಈರೋಡು ಜಿಲ್ಲೆಯಲ್ಲಿತ್ತು. ಹಳೆಯ ಪತ್ರ ನೋಡಿ ನೋಂದಾಯಿಸಿದರೆ ಹೊಲ ಬೇರೆ ಜಿಲ್ಲೆಗೆ ಹೋಗಿಬಿಡುತ್ತದೆ. ಕಂತಿನ ರಸೀದಿ ಕೈಗೆ ಬಂದ ಕೂಡಲೆ ಜಿಲ್ಲೆ, ಗ್ರಾಮ, ಸರ್ವೆ ನಂಬರು, ಬೆಳೆ, ವಿಸ್ತೀರ್ಣ ಈ ಐದನ್ನೂ ಓದಿ ನೋಡಿ. ಬ್ಯಾಂಕಿನವರು ತಪ್ಪು ತುಂಬಿದ್ದರಿಂದ ಪರಿಹಾರ ತಪ್ಪಿದರೆ ಅದಕ್ಕೆ ಆ ಬ್ಯಾಂಕೇ ಹೊಣೆಯೆಂದು ನಿಯಮವಿದೆ. ಆದರೆ ರುಜುವಾತಿಗೆ ರಸೀದಿ ನಿಮ್ಮಲ್ಲಿರಬೇಕು.

ವಿಸ್ತೀರ್ಣದ ವಿಷಯದಲ್ಲಿ ಒಂದು ಕಠಿಣ ಮಾತು. ಎರಡು ಎಕರೆ ನೆಟ್ಟು ಮೂರು ಎಕರೆಗೆ ವಿಮೆ ಮಾಡಿಸುವವರಿದ್ದಾರೆ. ಫಿರ್ಕಾದಲ್ಲಿ ನೆಟ್ಟದ್ದು 1,000 ಎಕರೆ, ವಿಮೆ 1,250 ಎಕರೆಗೆ ಎಂದಾದರೆ ಪರಿಹಾರವನ್ನು ಆ ಪ್ರಮಾಣದಲ್ಲಿ ಇಳಿಸಲು ಅವಕಾಶವಿದೆ, ಅಂದರೆ ನೂರಕ್ಕೆ ಎಂಬತ್ತು ಮಾತ್ರ. ಸುಳ್ಳು ಬರೆದವನ ದಂಡವನ್ನು ನಿಜ ಬರೆದವನೂ ತೆರುತ್ತಾನೆ.

ಪ್ರಯೋಗದ ದಿನ ಹೊಲದಲ್ಲಿರಿ

ಫಿರ್ಕಾ ಘಟಕವಾಗಿದ್ದರೆ ಒಂದು ಬೆಳೆಗೆ ಕನಿಷ್ಠ 10 ಬೆಳೆ ಕಟಾವು ಪ್ರಯೋಗಗಳು ನಡೆಯಬೇಕು. ಈ ಹತ್ತು ಹೊಲಗಳ ತೂಕವೇ ನೂರಾರು ಕುಟುಂಬಗಳ ಪರಿಹಾರವನ್ನು ನಿರ್ಧರಿಸುತ್ತದೆ. ಆದರೂ ಆ ದಿನ ಹೊಲದ ಹತ್ತಿರ ನಮ್ಮ ಸದಸ್ಯರು ಕಾಣುವುದಿಲ್ಲ. ಕಬ್ಬಿನ ಕಟಾವು ತಿಂಗಳುಗಟ್ಟಲೆ ನಡೆಯುವುದರಿಂದ ಆರಿಸಿದ ಹೊಲವು ಪ್ರಯೋಗಕ್ಕೆ ಮೊದಲೇ ಕಟಾವಾಗಿಬಿಡುವ ಅಪಾಯವೂ ಇದೆ. ನಿಮ್ಮ ಹೊಲ ಆರಿಸಲ್ಪಟ್ಟಿದ್ದರೆ ಕಟಾವು ಆದೇಶ ಬರುವ ಮೊದಲೇ ನಮ್ಮ ಕಬ್ಬು ಸಹಾಯಕರಿಗೆ ತಿಳಿಸಿ. ಆದೇಶದ ದಿನವನ್ನು ಹೊಂದಿಸಲು ಅನುಕೂಲವಾಗುತ್ತದೆ. ಪ್ರಯೋಗದ ದಿನ ಊರಿನ ನಾಲ್ಕು ಜನ ನಿಂತು ತೂಕವನ್ನು ಕಣ್ಣಾರೆ ನೋಡಿ. ಸರಿಯಾಗಿ ತೂಗಿದರೆ ಒಪ್ಪಿಕೊಳ್ಳಿ, ತಪ್ಪಿದ್ದರೆ ಅಲ್ಲಿಯೇ ಬರೆದು ಕೊಡಿ. ಕಡಿಮೆ ತೋರಿಸೆಂದು ಒತ್ತಾಯಿಸಬೇಡಿ. ಅಂಕಿಯ ಮೇಲೆ ಸಂಶಯ ಬಂದರೆ ಕಂಪನಿ ಆಕ್ಷೇಪಣೆ ಹಾಕುತ್ತದೆ, ಆಗ ಇಡೀ ಫಿರ್ಕಾದ ಹಣ ನಿಲ್ಲುತ್ತದೆ.

ಹಣ ತಡವಾದರೆ

ತಡಕ್ಕೆ ಹೆಚ್ಚಾಗಿ ಕಾರಣಗಳು ಮೂರು: ಸರ್ಕಾರದ ಪಾಲಿನ ಕಂತು ಕಂಪನಿಗೆ ತಲಪದಿರುವುದು, ಇಳುವರಿಯ ಅಂಕಿಗಳು ಬಾರದಿರುವುದು ಅಥವಾ ವ್ಯಾಜ್ಯದಲ್ಲಿರುವುದು, ಮತ್ತು ಆಧಾರ್ ಜೋಡಣೆಯಿಲ್ಲದ ಖಾತೆ. ಮೊದಲ ಎರಡಕ್ಕೆ ಸರ್ವೇಯರನನ್ನು ಬೈದು ಪ್ರಯೋಜನವಿಲ್ಲ, ಅವರ ಕೈಯಲ್ಲಿ ಅದು ಇಲ್ಲ. ಕಂಪನಿಯಿಂದಾದ ತಡಕ್ಕೆ 12 ಶೇಕಡಾ ಬಡ್ಡಿ ಕೊಡಬೇಕೆಂದು 2018ರ ನಿಯಮಗಳು ಹೇಳುತ್ತವೆ. ಇದನ್ನು ಕೇಳಲು ಸಂಕೋಚ ಬೇಡ.

ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಿಮಾತಿನ "ಬರುವುದಿಲ್ಲ" ಎಂಬುದನ್ನು ಒಪ್ಪಬೇಡಿ. ಆ ಬರಹವನ್ನು ರಸೀದಿಯೊಡನೆ ಸೇರಿಸಿ, ಜಿಲ್ಲಾ ಕಲೆಕ್ಟರ್ ಅಧ್ಯಕ್ಷತೆಯ ಕುಂದುಕೊರತೆ ಸಮಿತಿಗೆ ಅರ್ಜಿ ಕೊಡಬಹುದು. ತಿಂಗಳಿಗೊಮ್ಮೆ ನಡೆಯುವ ರೈತರ ಕುಂದುಕೊರತೆ ದಿನದಲ್ಲಿಯೂ ಎತ್ತಬಹುದು. ಒಬ್ಬೊಬ್ಬರೇ ಹೋಗುವುದಕ್ಕಿಂತ ಒಂದು ಫಿರ್ಕಾದ ಸದಸ್ಯರೆಲ್ಲ ಸೇರಿ ಒಂದೇ ಅರ್ಜಿ ಕೊಟ್ಟರೆ ಬೆಲೆ ಹೆಚ್ಚು. ಸಹಕಾರ ಸಂಘ ಇರುವುದೇ ಅದಕ್ಕಾಗಿ.

ಕೊನೆಯದಾಗಿ ಸದಸ್ಯರು ನೆನಪಿಡಬೇಕಾದವು:

1. ರಸೀದಿಯ ಐದು ವಿವರಗಳನ್ನು ಬಂದ ದಿನವೇ ಓದಿ ನೋಡಿ.
2. ನೆಟ್ಟಷ್ಟೇ ವಿಸ್ತೀರ್ಣ ಬರೆಸಿ.
3. ಹೊಲವಾರು ನಷ್ಟವನ್ನು 72 ಗಂಟೆಯೊಳಗೆ ತಿಳಿಸಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ.
4. ಸರ್ವೇಯರ್ ನೋಡುವವರೆಗೆ ಹೊಲವನ್ನು ಹಾಗೆಯೇ ಬಿಡಿ.
5. ಬೆಳೆ ಕಟಾವು ಪ್ರಯೋಗದ ದಿನ ಹಾಜರಿರಿ.
6. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಪಡೆಯಿರಿ.

ರಸೀದಿ ಓದಲು, ತಮಿಳು ಅಥವಾ ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ತೊಂದರೆಯಾದವರು ತಮ್ಮ ವಿಭಾಗದ ಕಬ್ಬು ಕಚೇರಿಗೆ ಕಾಗದಗಳನ್ನು ತೆಗೆದುಕೊಂಡು ಬರಬೇಕಾಗಿ ವಿನಂತಿ.

— ಕಬ್ಬು ಅಭಿವೃದ್ಧಿ ಅಧಿಕಾರಿ