ಚಪ್ಪಲಿಗೂ ಒಂದು ಸಹಿ ಬೇಕು

ವಿಜಯಪುರದ ಕಾಲೇಜು ಹುಡುಗರ ಕಾಲಲ್ಲಿ ಈಗ ಗಿಣ್ಣು ಮುಚ್ಚುವ ಕ್ಯಾನ್ವಾಸ್ ಬೂಟು, ಪಕ್ಕದಲ್ಲೊಂದು ನಕ್ಷತ್ರ. 1917ರಲ್ಲಿ ಅಮೆರಿಕದ ಕನ್ವರ್ಸ್ ಕಂಪನಿ ತಂದ ಮಾದರಿಯದು, ಬಾಸ್ಕೆಟ್‌ಬಾಲ್ ಆಡುವವರಿಗೆಂದೇ. ಚಕ್ ಟೇಲರ್ ಎಂಬ ಆಟಗಾರ ಊರೂರು ತಿರುಗಿ, ಆಟ ಕಲಿಸುತ್ತಲೇ ಅದನ್ನು ಮಾರಿದ. 1930ರ ದಶಕದಲ್ಲಿ ಅವನ ಸಹಿ ನಕ್ಷತ್ರದ ಮೇಲೇ ಬಂತು. ಮುಂದೆ ಆಟಗಾರರು ಬೇರೆ ಬೂಟು ಹಿಡಿದರು, ರಾಕ್ ಹಾಡುಗಾರರು ಇದನ್ನು ಮೆಟ್ಟಿದರು. ಜಪಾನಿನ ಕಾಮ್ ದೆ ಗಾರ್ಸೋನ್ ಕಂಪನಿ ಇದರ ಮೇಲೆ ಕಣ್ಣುಳ್ಳ ಕೆಂಪು ಹೃದಯ ಬಿಡಿಸಿ ದುಬಾರಿ ಫ್ಯಾಶನ್ ಅಂಗಡಿಗೆ ಒಯ್ದಿತು. ಟೇಲರನ ಹೆಸರು ಇವತ್ತಿಗೂ ಅಳಿದಿಲ್ಲ.

ನಮ್ಮ ಕೊಲ್ಹಾಪುರಿ ಚಪ್ಪಲಿಯೂ ಹೊಲದಿಂದ ಹೊರಟು ಅಂಥದೇ ಅಂಗಡಿ ಮುಟ್ಟಿದೆ. ಟಿಕೋಟಾದಲ್ಲಿ ಅಪ್ಪ ದ್ರಾಕ್ಷಿ ತೋಟಕ್ಕೂ ಅದನ್ನೇ ಮೆಟ್ಟುತ್ತಿದ್ದರು, ಬಬಲೇಶ್ವರದ ಬೀಗರ ಮನೆಗೂ ಅದನ್ನೇ. ಅಥಣಿಯ ಜೋಡು. ಹೊಸದು ಬಂದ ದಿನ ಕಟ್ಟೆಯ ಮೇಲೆ ಕೂತು ಎಣ್ಣೆ ಸವರುತ್ತ, “ಮೊದ್ಲ ಇದು ಎಣ್ಣಿ ಕುಡೀಲಿ ಯವ್ವಾ, ಆಮ್ಯಾಲ ಕಾಲಿನ ಮಾತ ಕೇಳತೈತಿ” ಅನ್ನುತ್ತಿದ್ದರು. ಮಗುಚಿ ನೋಡಿದರೆ ಒಂದೂ ಮೊಳೆ ಇಲ್ಲ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಎಮ್ಮೆ ತೊಗಲಿನ ಅಟ್ಟೆ, ಹೊಲಿಗೆಗೂ ತೊಗಲಿನದೇ ಎಳೆ. ಮೇಲಿನ ಸಣ್ಣ ಜಡೆ ಹೆಣೆಯುವವರು ಹೆಚ್ಚಾಗಿ ಹೆಂಗಸರು.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ರೂಪದ ಚಪ್ಪಲಿ ತೋರಿಸಿತು, ಕೊಲ್ಹಾಪುರದ ಹೆಸರೆತ್ತದೆ. ಗದ್ದಲವೆದ್ದ ಮೇಲೆ ಇದಕ್ಕೆ ಭಾರತದ ಕೈಕಸುಬೇ ಪ್ರೇರಣೆ ಎಂದು ಒಪ್ಪಿಕೊಂಡಿತು. ನನಗೆ ನೋವಾದದ್ದು ಇನ್ನೊಂದಕ್ಕೆ. ಆ ಗದ್ದಲದಲ್ಲಿ ನಮ್ಮ ಕಡೆಯ ಕುಶಲಕರ್ಮಿಗಳ ಹೆಸರು ಕೇಳಿಬಂದದ್ದೇ ಕಡಿಮೆ. ಆದರೆ 2019ರ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ 8 ಜಿಲ್ಲೆಗಳದ್ದು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಈ ಜಿಲ್ಲೆಗಳನ್ನು ಬಿಟ್ಟು ಬೇರೆಲ್ಲೋ ಮಾಡಿದ್ದನ್ನು ಆ ಹೆಸರಲ್ಲಿ ಮಾರುವಂತಿಲ್ಲ.

2025ರ ಡಿಸೆಂಬರ್‌ನಲ್ಲಿ ಪ್ರಾಡಾ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದಕ್ಕೆ ಬಂತು. ಎರಡೂ ರಾಜ್ಯಗಳಲ್ಲಿ 2,000 ಜೋಡಿ ತಯಾರಿ, ಜೋಡಿಗೆ ಸುಮಾರು 800 ಯೂರೋ, ಜೊತೆಗೆ ಕುಶಲಕರ್ಮಿಗಳಿಗೆ ತರಬೇತಿ. ಒಳ್ಳೆಯದೇ. ಆದರೆ ಅದರ ಮೇಲೆ ಯಾರ ಹೆಸರು?

ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಸಮಗಾರ ಹರಳಯ್ಯ, ಕಲ್ಯಾಣಮ್ಮರ ಕಥೆ ನಮ್ಮ ಜಿಲ್ಲೆಯಲ್ಲಿ ಕೂಸಿಗೂ ಗೊತ್ತು. ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡನಂತೆ. ಎಂಟು ಶತಮಾನ ಕಳೆದರೂ ಆ ಜೋಡಿನ ಮಾತು ಬಂದಾಗ ಮಾಡಿದವರ ಹೆಸರೇ ಮೊದಲು ಬರುತ್ತದೆ.

ಇವತ್ತಿನ ಜೋಡಿಗೂ ಒಳಬದಿಯಲ್ಲಿ ಹೊಲಿದವರ, ಹೆಣೆದವರ ಹೆಸರು, ಊರು ಒತ್ತಿಸಿ. ಮಿಲಾನಿಗೆ ಹೋಗುವುದಕ್ಕೂ ಸರಿ, ಲಿಡ್ಕರ್ ಮಳಿಗೆಯಲ್ಲಿ ಮಾರುವುದಕ್ಕೂ ಸರಿ. ಒಂದು ಸಣ್ಣ ಅಚ್ಚು ಸಾಕು. ಅದು ಬರುವವರೆಗೆ, ಕೊಳ್ಳುವ ನಾವಾದರೂ ಅಂಗಡಿಯಲ್ಲಿ ಕೇಳೋಣ: ಇದನ್ನು ಮಾಡಿದವರು ಯಾರು, ಯಾವ ಊರವರು?